ತಟ್ಟಿನ ಹಿಂದಿನ ಒಲೆ

ಈ ವರ್ಷದ ಮೊದಲ ದೊಡ್ಡ ಮಳೆ ಸುರಿದ ಬೆಳಗ್ಗೆ ನನ್ನ ಮೇಜಿನಿಂದ ಹೊಗೆಯ ವಾಸನೆ ಬಂತು. ಶಿಗ್ಗಾಂವಿಯ ಈ ಬಾಡಿಗೆ ಕೋಣೆಯಲ್ಲಿ ಒಲೆಯಿಲ್ಲ. ಮೊದಲು ಕಂಪ್ಯೂಟರಿನ ವೈರು ಮೂಸಿ ನೋಡಿದೆ, ಆಮೇಲೆ ಚಾರ್ಜರು, ಆಮೇಲೆ ಸ್ವಿಚ್ಚು. ಯಾವುದೂ ಬಿಸಿಯಾಗಿರಲಿಲ್ಲ. ಕೊನೆಗೆ ಮೂಗು ತಾನಾಗಿಯೇ ಪುಸ್ತಕಗಳ ಪಕ್ಕದಲ್ಲಿದ್ದ ಮಣ್ಣಿನ ಅಡುಗೆಮನೆಯ ಹತ್ತಿರ ಹೋಗಿ ನಿಂತಿತು. ಗೇಣುದ್ದದ ಅಡುಗೆಮನೆ ಅದು: ಮೂರು ಗೋಡೆ, ಒಂದು ಚಾವಣಿ, ಹೆಬ್ಬೆಟ್ಟಿನ ಗಾತ್ರದ ಒಲೆ. ಥಂಡಿಗಾಳಿ ಬೀಸಿದಾಗ ಅದರ ಮಣ್ಣು ತೇವ ಹೀರಿಕೊಂಡು, ಎಂದೋ ಕುಡಿದ ಹೊಗೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ನೀವು ಬಂದು ನೋಡಿದರೆ ಮಕ್ಕಳ ಆಟಿಕೆ ಎಂದುಕೊಳ್ಳುತ್ತೀರಿ. ಆದರೆ ನನ್ನ ಕೋಣೆಗೆ ಬಂದವರು ಕಡಿಮೆ. ಕರೆಯುವ ಸ್ವಭಾವವೂ ನನ್ನದಲ್ಲ. ಹಾಗಾಗಿ ಅದೇನೆಂದು ಈವರೆಗೆ ಯಾರಿಗೂ ವಿವರಿಸುವ ಪ್ರಸಂಗ ಬಂದಿರಲಿಲ್ಲ.

ನಾನು ಕೆರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಹಾನಗಲ್ ಸೀಮೆಯ ಒಂದು ಕೆರೆಗೆ ಎಷ್ಟು ಮಳೆ ಬಿದ್ದರೆ ಎಷ್ಟು ನೀರು ನಿಲ್ಲುತ್ತದೆ, ಅದರಲ್ಲಿ ಎಷ್ಟು ಆವಿಯಾಗುತ್ತದೆ, ಎಷ್ಟು ಇಂಗುತ್ತದೆ, ಎಷ್ಟು ಗದ್ದೆಗೆ ಹರಿಯುತ್ತದೆ ಎಂಬುದನ್ನೆಲ್ಲ ಲೆಕ್ಕಗಳಲ್ಲಿ ಹಿಡಿದು, ಕಂಪ್ಯೂಟರಿನೊಳಗೆ ಒಂದು ಮಾದರಿ ಕೆರೆ ಕಟ್ಟಿದ್ದೇನೆ. ಪರದೆಯ ಮೇಲಿನ ಹಸಿರು ಗೆರೆ ನನ್ನ ಕೆರೆ. ಕೆಂಪು ಚುಕ್ಕೆಗಳು ನಿಜವಾದ ಕೆರೆ, ಅಂದರೆ ದಂಡೆಯ ಅಳತೆಗಂಬದಲ್ಲಿ ಕಂಡ ನೀರಿನ ಮಟ್ಟ. ಮಳೆಗಾಲದುದ್ದಕ್ಕೂ ಗೆರೆ ಮತ್ತು ಚುಕ್ಕೆ ಜೊತೆಯಾಗಿಯೇ ನಡೆಯುತ್ತವೆ. ದೀಪಾವಳಿ ದಾಟಿದ ಮೇಲೆ ಚುಕ್ಕೆಗಳು ಗೆರೆಯನ್ನು ಬಿಟ್ಟು ಕೆಳಗಿಳಿಯುತ್ತವೆ. ನಿಜವಾದ ಕೆರೆ ನನ್ನ ಕೆರೆಗಿಂತ ಬೇಗ ಬತ್ತುತ್ತದೆ. ನನ್ನ ಮಾರ್ಗದರ್ಶಕರು ಫೋನಿನಲ್ಲಿ, "ಇಂಗುವ ನೀರಿನ ಗುಣಾಂಕ ಸ್ವಲ್ಪ ಏರಿಸಿ ನೋಡಮ್ಮ, ಕೂತುಬಿಡುತ್ತದೆ" ಎಂದಿದ್ದರು. ಏರಿಸಿ ನೋಡಿದೆ. ಕೂತುಬಿಟ್ಟಿತು. ಆ ಸಂಖ್ಯೆಯೂ ಒಪ್ಪಬಹುದಾದ ಮಿತಿಯೊಳಗೇ ಇತ್ತು. ಯಾವ ಪರೀಕ್ಷಕರೂ ಪ್ರಶ್ನೆ ಮಾಡುವಂಥದ್ದಲ್ಲ. ಬದಲಾವಣೆಯನ್ನು ಉಳಿಸಲೇ ಎಂದು ಕಂಪ್ಯೂಟರು ಕೇಳುತ್ತಿತ್ತು. ಬೆರಳು ಗುಂಡಿಯ ಮೇಲಿತ್ತು. ಆಗಲೇ ಈ ವಾಸನೆ ಬಂದದ್ದು.

ಆ ಅಡುಗೆಮನೆ ನನ್ನ ದೊಡ್ಡವ್ವನದು. ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ನೀಲವ್ವ. ಹಿರೇಕೆರೂರಿನಲ್ಲಿ, ಸಂತೆಯ ಬಯಲಿನಿಂದ ಎರಡು ಓಣಿ ಈಚೆಗೆ ಅವಳ ಮನೆ. ಊರಿನ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅವಳ ಕೆಲಸ. ದೊಡ್ಡಪ್ಪ ಇದ್ದಾಗ ಶುರುವಾದದ್ದು, ಅವರು ಹೋದ ಮೇಲೂ ನಿಲ್ಲಲಿಲ್ಲ. ಜೊತೆಗೆ ಎದುರು ಮನೆಯ ರೇಣವ್ವ. ರೇಣವ್ವ ಬಡಿಯುತ್ತಾಳೆ, ದೊಡ್ಡವ್ವ ಬೇಯಿಸುತ್ತಾಳೆ. ಬೇಯಿಸುವುದನ್ನು ಅವಳು ಬೇರೆಯವರ ಕೈಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಕೆಂಡದ ಮುಂದೆ ಒರಗಿಸಿದಾಗ ಅದು ಉಬ್ಬಬೇಕು. ಉಬ್ಬದ ರೊಟ್ಟಿಯನ್ನು ಅವಳು ಮಾರುವುದಿಲ್ಲ, ತಾನೇ ತಿನ್ನುತ್ತಾಳೆ. ಚಿಕ್ಕಂದಿನಲ್ಲಿ ನನಗೆ ಹಸಿವಾದಾಗಲೆಲ್ಲ, ಒಂದಾದರೂ ರೊಟ್ಟಿ ಉಬ್ಬದೆ ಇರಲಿ ಎಂದು ಹಾರೈಸುತ್ತ ಕೂತಿರುತ್ತಿದ್ದೆ.

ಅವಳ ಮಗ ಬಸವರಾಜಣ್ಣನಿಗೆ ಗೋವಿನಜೋಳದ ದಲಾಲಿ ಅಂಗಡಿ ಇದೆ. ಒಳ್ಳೆಯವನು, ಅವ್ವನ ಮೇಲೆ ಜೀವ. ಆ ಜೀವದಿಂದಲೇ ತೊಂದರೆ ಶುರುವಾದದ್ದು. ಹಳೆಯ ಅಡುಗೆಮನೆಯ ಮೇಲೆ ನಾಡಹೆಂಚಿತ್ತು. ಮಳೆಗಾಲದಲ್ಲಿ ಹಿಟ್ಟಿನ ಮೇಲೆ ಸೋರುತ್ತಿತ್ತು. ಅಣ್ಣ ಹೆಂಚು ತೆಗೆಸಿ ಸ್ಲ್ಯಾಬ್ ಹಾಕಿಸಿದ. ಸೋರುವುದು ನಿಂತಿತು, ಹೊಗೆ ನಿಂತುಕೊಂಡಿತು. ಸವಣೂರಿನಿಂದ ಬಂದ ಗೌಂಡಿ ಇಮಾಮಸಾಬರು ಒಲೆಯ ಮೇಲಿಂದ ಸ್ಲ್ಯಾಬ್ ತೂರಿ ಹೊಗೆ ಕೊಳವೆ ಕಟ್ಟಿದರು. ಹೊಗೆ ಹೋಗಲಿಲ್ಲ. "ಎತ್ತರ ಸಾಲಂಗಿಲ್ಲರಿ, ಇನ್ನೆರಡು ಫೂಟ್ ಏರ್ಸೂಣು" ಎಂದರು. ಏರಿಸಿದರು. ಆಗಲೂ ಹೋಗಲಿಲ್ಲ. ಕೊಳವೆ ಮಾತ್ರ ಓಣಿಗೆಲ್ಲ ಎತ್ತರವಾಗಿ, ನಮ್ಮ ಮನೆ ಯಾವುದೆಂದು ಕೇಳುವವರಿಗೆ ಗುರುತಾಗಿ ಉಳಿಯಿತು.

ನಾನು ಎಂ.ಎಸ್ಸಿ. ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ ದಿನಗಳವು. ಹಾನಗಲ್ಲಿನ ನಮ್ಮ ಮನೆಯಲ್ಲಿ ಮದುವೆಯ ಮಾತು ಮೆಲ್ಲಗೆ ಎದ್ದಿತ್ತು. ಅದರಿಂದ ತಪ್ಪಿಸಿಕೊಳ್ಳಲು ಬಸ್ಸು ಹತ್ತಿ ದೊಡ್ಡವ್ವನಲ್ಲಿಗೆ ಹೋದೆ. ಬಾಗಿಲು ತೆಗೆದವಳ ಕಣ್ಣು ನೋಡಿ ನನಗೆ ಗಾಬರಿಯಾಯಿತು. ಎರಡೂ ಕೆಂಪಗಾಗಿ, ರೆಪ್ಪೆ ಊದಿಕೊಂಡು, ನೀರು ಸುರಿಯುತ್ತಿದ್ದವು. ಹಾವೇರಿಯ ಕಣ್ಣಿನ ಡಾಕ್ಟರು ಹೇಳಿಯಾಗಿತ್ತು: ಹೊಗೆಯಲ್ಲಿ ಕೂರುವುದನ್ನು ಬಿಡದಿದ್ದರೆ ಮುಂದೆ ದೃಷ್ಟಿಗೇ ಕಷ್ಟ.

"ದಸರಾತನಕ ನೋಡ್ತೇನಿ," ಎಂದ ಬಸವರಾಜಣ್ಣ, ಊಟಕ್ಕೆ ಕೂತಾಗ. "ಹೊಗಿ ಹ್ವಾದ್ರ ಛಲೋ. ಇಲ್ಲಂದ್ರ ಒಲಿ ಕಿತ್ತಿಸಿ ಬಿಡ್ತೇನಿ. ಸಾಕಿನ್ನ, ಯಾರು ಏನು ಉಪವಾಸ ಬಿದ್ದಿಲ್ಲ ಇಲ್ಲೆ."

"ಕಿತ್ತಿಸು," ಎಂದಳು ದೊಡ್ಡವ್ವ ತಲೆ ಎತ್ತದೆ. "ಆ ಜಾಗಾದಾಗ ನನ್ನ ಫೋಟೋ ತೂಗ ಹಾಕು. ಗ್ವಾಡಿ ಖಾಲಿ ಇರಬಾರದು."

ಅಣ್ಣ ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋದ. ಅವನು ಹೋದ ಮೇಲೆ ನಾನು, ಗ್ಯಾಸಿನ ಮೇಲೆ ಯಾಕೆ ಮಾಡಬಾರದೆಂದು ಮೆತ್ತಗೆ ಕೇಳಿದೆ. ಗ್ಯಾಸಿನಲ್ಲಿ ಕೆಂಡವಿಲ್ಲ, ರೊಟ್ಟಿ ಒರಗಿಸುವುದೆಲ್ಲಿ ಎಂದಳು. ಅದು ನಿಜವಾದ ಉತ್ತರವಲ್ಲವೆಂದು ಅವಳಿಗೂ ಅನ್ನಿಸಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಹೊರಗ ಹ್ವಾದ್ರ ನಾ ಬಸವರಾಜನ ಅವ್ವ. ಬೀಗರ ಮನ್ಯಾಗ ಹಿರೇಕೆರೂರಾಕಿ. ಒಲಿ ಮುಂದ ಕುಂತಾಗಷ್ಟ ನೋಡವಾ, ನಾ ನೀಲವ್ವ" ಎಂದಳು. ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ನನಗೂ ಅಂಥ ಒಂದೇ ಒಂದು ಜಾಗವಿತ್ತು, ವಿಶ್ವವಿದ್ಯಾಲಯದ ಪ್ರಯೋಗಶಾಲೆಯ ಕಿಟಕಿ ಪಕ್ಕದ ಮೇಜು. ಅದು ಪರೀಕ್ಷೆಯ ಕೊನೆಯ ದಿನ ಕೈಬಿಟ್ಟಿತ್ತು. ಈ ಒಲೆ ಕೀಳಲು ಬಿಡಬಾರದೆಂದು ಅಂದೇ ನಿಶ್ಚಯಿಸಿದೆ. ಯಾರಿಗೂ ಹೇಳಲಿಲ್ಲ. ನಾನು ಏನನ್ನಾದರೂ ನಿಶ್ಚಯಿಸಿದರೆ ಸಾಮಾನ್ಯವಾಗಿ ಹೇಳುವುದಿಲ್ಲ. ಸೋತರೆ ಯಾರಿಗೂ ಗೊತ್ತಾಗದಿರಲಿ ಎಂಬ ಜಾಣತನವೂ ಅದರಲ್ಲಿ ಇರುತ್ತದೆ.

ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯಿಂದ ತಂದ ಜಿಗುಟು ಮಣ್ಣನ್ನು ಪಡಸಾಲೆಯಲ್ಲಿ ಹಾಕಿಕೊಂಡು ದೊಡ್ಡವ್ವ, ನಾನು, ರೇಣವ್ವ ಎತ್ತು ಮಾಡಲು ಕೂತೆವು. ನಿಮಗೂ ಗೊತ್ತಿರುತ್ತದೆ, ಈ ಎತ್ತುಗಳನ್ನು ಮಾಡುವವರ ಕೈ ಬಹಳ ಜಿಪುಣ. ಕಾಲೆಂದರೆ ನಾಲ್ಕು ಮೊಳೆ, ಕಣ್ಣೆಂದರೆ ಎರಡು ಜೋಳದ ಕಾಳು. ನಾನು ಮಾತ್ರ ನನ್ನ ಎತ್ತಿಗೆ ಗೊರಸು, ಬಾಲ, ಬಾಲದ ತುದಿಯ ಕೂದಲು ಎಲ್ಲ ಮಾಡುತ್ತ ಕೂತಿದ್ದೆ. ರೇಣವ್ವ ನನ್ನ ಎತ್ತನ್ನು ಎತ್ತಿ ತಿರುಗಿಸಿ ನೋಡಿದಳು.

"ಎಲ್ಲಾ ಮಾಡಿಯಲ್ಲಬೇ, ಡುಬ್ಬ ಎಲ್ಲೈತಿ? ಇದೇನು ಎತ್ತೋ, ಅಗಸರ ಕತ್ತಿಯೋ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾಲ ಬಿಟ್ಟರೂ ಎತ್ತು ಎತ್ತೇ, ಹೆಗಲ ಮೇಲಿನ ಡುಬ್ಬ ಬಿಟ್ಟರೆ ಕತ್ತೆಯೇ. ಮಾದರಿ ಎಂದರೆ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬುದರ ತೀರ್ಮಾನವೆಂದು ತರಗತಿಯಲ್ಲಿ ಕೇಳಿ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ನನ್ನ ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ. ಪೂಜೆ ಮುಗಿದ ಮೇಲೆ ಮಣ್ಣಿನ ದೊಡ್ಡ ಮುದ್ದೆಯೊಂದು ಉಳಿದಿತ್ತು. ಅದನ್ನು ನೋಡುತ್ತಿದ್ದಂತೆ, ಎತ್ತು ಮಾಡಬಹುದಾದರೆ ಅಡುಗೆಮನೆಯನ್ನೂ ಮಾಡಬಹುದು ಅನ್ನಿಸಿತು. ದೊಡ್ಡ ಅಡುಗೆಮನೆಯ ಗೋಡೆ ಒಡೆದು ಒಡೆದು ನೋಡುವುದಕ್ಕಿಂತ ಸಣ್ಣದರಲ್ಲಿ ಬೆರಳಿನಿಂದ ಒತ್ತಿ ನೋಡುವುದು ಅಗ್ಗ.

ಈ ಸಲ ಗೊರಸು ಕೂದಲು ಮಾಡಲಿಲ್ಲ. ಟೇಪು ಹಿಡಿದು ಅಡುಗೆಮನೆ ಅಳೆದೆ. ಗೋಡೆ, ಸ್ಲ್ಯಾಬು, ಒಲೆ, ಒಳಬಾಗಿಲು, ಹಿತ್ತಲ ಬಾಗಿಲು. ಕಿಟಕಿ ಓಣಿಗೆ ಮುಖ ಮಾಡಿದ್ದರಿಂದ ಅದನ್ನು ಎಂದೂ ತೆರೆಯುವುದಿಲ್ಲ. ಅದನ್ನು ಮಣ್ಣಿನಿಂದ ಮುಚ್ಚಿದೆ. ಹೊಗೆ ಕೊಳವೆಗೆ ಪಪ್ಪಾಯಿ ಎಲೆಯ ಟೊಳ್ಳು ದೇಟು. ಒಳಗೆ ನಡೆಯುವುದು ಕಾಣಲೆಂದು ನಾಲ್ಕನೆಯ ಗೋಡೆಯ ಜಾಗಕ್ಕೆ ಹಳೆಯ ಫೋಟೋದ ಗಾಜು. ನೆರಳಲ್ಲಿ ಒಣಗಿಸಿ, ಬಿರುಕುಗಳಿಗೆ ಮಣ್ಣು ಮೆತ್ತಿ, ಮುರಿದ ಊದಿನಕಡ್ಡಿಯ ತುಂಡುಗಳನ್ನು ಹಚ್ಚಿ ಒಲೆಯೊಳಗೆ ಇಟ್ಟೆ. ಹೊಗೆ ಎದ್ದಿತು, ಒಂದು ಕ್ಷಣ ತಡವರಿಸಿತು, ಆಮೇಲೆ ಸೀದಾ ದೇಟಿನೊಳಗೆ ನುಗ್ಗಿ ಹೊರಗೆ ಹೋಯಿತು.

ನೋಡಲು ಬಹಳ ಚೆಂದವಿತ್ತು. ಅದೇ ಸಮಸ್ಯೆ. ನನ್ನ ಅಡುಗೆಮನೆಯಲ್ಲಿ ಹೊಗೆಯೇ ಇರಲಿಲ್ಲ, ಗೋಡೆಯಾಚೆ ದೊಡ್ಡವ್ವ ಕೆಮ್ಮುತ್ತಿದ್ದಳು.

ದೇಟನ್ನು ಉದ್ದ ಮಾಡಿದೆ, ಗಿಡ್ಡ ಮಾಡಿದೆ. ಎರಡರಲ್ಲೂ ಹೊಗೆ ಹೋಯಿತು. ಕೊಳವೆಯ ಎತ್ತರದ್ದು ತಪ್ಪಿಲ್ಲ ಎಂಬುದಷ್ಟೇ ಅದರಿಂದ ತಿಳಿದದ್ದು. ಅಥವಾ ಸಣ್ಣ ಮನೆಯಲ್ಲಿ ಹೊಗೆ ನಡೆಯುವ ರೀತಿಯೇ ಬೇರೆ ಇರಬಹುದು; ಚಿಕ್ಕದಾದ ಕೂಡಲೇ ವಸ್ತುಗಳ ಸ್ವಭಾವ ಬದಲಾಗುತ್ತದೆ. ಅಟ್ಟದಿಂದ ಬಿದ್ದ ಇರುವೆ ಎದ್ದು ನಡೆಯುತ್ತದೆ, ನಾವು ನಡೆಯುವುದಿಲ್ಲ. ಆ ಲೆಕ್ಕ ಹಾಕುತ್ತ ಒಂದು ಮಧ್ಯಾಹ್ನ ಕೂತಿದ್ದಾಗ ಬಸವರಾಜಣ್ಣ ಬಾಗಿ ಗಾಜಿನೊಳಗೆ ನೋಡಿದ.

"ಏನವಾ ತಂಗಿ, ಗೊಂಬಿ ಮನಿ ಛಲೋ ಆಗೇತಿ. ಅವ್ವನ್ನ ಇದರಾಗ ಕುಂದ್ರಸೂಣೇನು?"

"ಹಿಡ್ಯಂಗಿಲ್ಲಣ್ಣಾ," ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಯಾವಾಗಲೂ ಹಾಗೆಯೇ.

ಮಾದರಿ ಕೈಕೊಟ್ಟ ಮೇಲೆ ಉಳಿದದ್ದು ಕೂತು ನೋಡುವ ದಾರಿ. ಅಣ್ಣನ ಅಂಗಡಿಯ ಪಕ್ಕದ ಹತ್ತಿ ವ್ಯಾಪಾರದವರಲ್ಲಿ ಒಂದು ಹಿಡಿ ಅರಳೆ ಇಸಿದುಕೊಂಡು, ಉದ್ದ ಎಳೆ ತೆಗೆದು, ಅಡುಗೆಮನೆಯ ಮೂಲೆಮೂಲೆಗೆ, ಬಾಗಿಲ ತಲೆಗೆ, ಒಲೆಯ ಪಕ್ಕಕ್ಕೆ ಅಂಟಿಸಿದೆ. ಗಾಳಿ ಎತ್ತ ಹೋಗುತ್ತದೋ ಎಳೆ ಅತ್ತ ವಾಲುತ್ತದೆ. ರೊಟ್ಟಿಯ ಹೊತ್ತಿಗೆ ಒಳಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತೆ. ಎಳೆಗಳೆಲ್ಲ ಬಾಗಿಲಿನಿಂದ ಒಲೆಯ ಕಡೆಗೆ ವಾಲಿದವು, ಹೊಗೆ ಕೊಳವೆಯೊಳಗೆ ಏರಿತು. ಅಡುಗೆಮನೆ ನನ್ನ ಗೊಂಬೆ ಮನೆಯಷ್ಟೇ ವಿಧೇಯವಾಗಿತ್ತು. ಮರುದಿನವೂ ಹಾಗೆಯೇ. ಮೂರನೆಯ ದಿನ ಸಂತೆಗೆ ಹೋಗಿ ಬಂದು ನೋಡಿದರೆ ದೊಡ್ಡವ್ವನ ಕಣ್ಣು ಕೆಂಡವಾಗಿದ್ದವು.

"ನೀ ಕುಂತ ದಿನ ಹೊಗಿನೂ ಮರ್ಯಾದಿ ಕೊಡ್ತೈತಿ ನೋಡವಾ," ಎಂದಳು ರೇಣವ್ವ. "ಕಲತಾಕಿ ಅಂತ ಅದಕ್ಕೂ ಗೊತ್ತಾಗೇತಿ."

ನಾನು ಅದನ್ನು ಚೇಷ್ಟೆ ಎಂದೇ ಕೇಳಿ ಬಿಟ್ಟೆ. ಬಸವರಾಜಣ್ಣ ಬೇರೊಂದು ಅರ್ಥ ಹಚ್ಚಿದ್ದ. ಅವ್ವ ಕಣ್ಣಿನ ಔಷಧ ಸರಿಯಾಗಿ ಹಾಕಿಕೊಳ್ಳುವುದಿಲ್ಲ, ತಪ್ಪನ್ನು ಹೊಗೆಯ ಮೇಲೆ ಹೊರಿಸುತ್ತಾಳೆ ಎಂದ. ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ನಾನು ಎರಡು ದಿನ ನೋಡಿದ್ದೆ, ಎಳೆಗಳು ಸಾಕ್ಷಿ ಹೇಳಿದ್ದವು. ಕಣ್ಣಾರೆ ಕಂಡದ್ದನ್ನು ಬಿಟ್ಟು ಅವಳ ಮಾತು ನಂಬುವುದು ಹೇಗೆ? ಆದರೆ ಅವಳ ಕಣ್ಣನ್ನೂ ನಾನು ಕಣ್ಣಾರೆಯೇ ಕಂಡಿದ್ದೆ. ಎರಡೂ ನಿಜವಾಗಿದ್ದರೆ, ನಾನಿದ್ದಾಗಿನ ಅಡುಗೆಮನೆ ಮತ್ತು ನಾನಿಲ್ಲದಾಗಿನ ಅಡುಗೆಮನೆ ಒಂದೇ ಅಲ್ಲ. ಇಷ್ಟು ಸರಳ ವಿಷಯಕ್ಕೆ ಬರಲು ನನಗೆ ವಾರ ಹಿಡಿಯಿತು.

ಕೊನೆಗೆ ತಿಳಿದದ್ದು ನನ್ನ ಯೋಜನೆಯಿಂದಲ್ಲ, ನೆಗಡಿಯಿಂದ. ಮಳೆಯಲ್ಲಿ ನೆನೆದು ಜ್ವರ ಬಂದು, ಒಂದು ಬೆಳಗ್ಗೆ ಪಕ್ಕದ ಕೋಣೆಯಲ್ಲಿ ಮುಸುಕು ಹಾಕಿ ಮಲಗಿದ್ದೆ. ಮೂಗು ಕಟ್ಟಿದ್ದರೂ ಹೊಗೆ ಗಂಟಲಿಗೆ ತಾಗಿತು. ಎದ್ದು ಅಡುಗೆಮನೆಗೆ ಹೋದರೆ ಒಳಬಾಗಿಲು ಮುಚ್ಚಿತ್ತು. ತಳ್ಳಿದೆ. ಒಳಗೆ ರೇಣವ್ವ ದೊಡ್ಡವ್ವ ಇಬ್ಬರೂ ಬೂದು ಬಣ್ಣದ ನೆರಳಿನ ಹಾಗೆ ಕಂಡರು. ಹಿತ್ತಲ ಬಾಗಿಲಿಗೆ ಗೋಣಿಚೀಲ ಬಿಚ್ಚಿ ಜೋಡಿಸಿ ಹೊಲಿದ ದಪ್ಪ ತಟ್ಟು ಇಳಿಬಿಟ್ಟಿತ್ತು, ನೆಲಕ್ಕೆ ಎಳೆಯುವಷ್ಟು ಉದ್ದ. ಗಾಳಿಗೆ ಹಾರದಂತೆ ಅದರ ಅಂಚಿನ ಮೇಲೆ ಕಲ್ಲು ಹೇರಿದ್ದರು. ನನ್ನ ಅರಳೆಯ ಎಳೆಗಳು ಸತ್ತ ಹುಳುಗಳಂತೆ ನೇರ ಕೆಳಕ್ಕೆ ಜೋತಾಡುತ್ತಿದ್ದವು.

ನನ್ನನ್ನು ಕಂಡದ್ದೇ ದೊಡ್ಡವ್ವ ಎದ್ದು, ಕಲ್ಲು ಸರಿಸಿ, ತಟ್ಟನ್ನು ಸುರುಳಿ ಸುತ್ತಿ ಮೇಲೆ ಕಟ್ಟಿದಳು. "ಬಾ, ಕುಂದ್ರು" ಎಂದು ಮಣೆ ಕೊಟ್ಟಳು. ಎಳೆಗಳು ಅಲುಗಿದವು, ಒಲೆಯ ಕಡೆಗೆ ವಾಲಿದವು. ಹೊಗೆ ಮೆಲ್ಲಗೆ ಕೊಳವೆ ಹಿಡಿಯಿತು.

"ದೊಡ್ಡವ್ವಾ, ಈ ತಟ್ಟು ಯಾವಾಗೂ ಇಳಿಸಿರ್ತಿರೇನು?"

"ರೊಟ್ಟಿ ಬೇಸೂ ಮುಂದ ಇಳಸ್ತೇವಿ. ಉಬ್ಬೂ ರೊಟ್ಟಿ ಮ್ಯಾಲೆ ಹೊರಗಿನ ಕಣ್ಣು ಬೀಳಬಾರದು. ಬಿದ್ರ ಕುಂತಬಿಡ್ತೈತಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಅದೇನು ಹೇಳೂ ಮಾತೇನು? ಈ ಓಣ್ಯಾಗ ಎಲ್ಲಾರೂ ಹಂಗ ಮಾಡೂದು. ಬಾಗಲಾ ಮುಚ್ಚಿ ಮಲಗ್ತೇವಿ ಅಂತ ಯಾರರ ಹೇಳ್ತಾರೇನು?"

"ನಾ ಕುಂತಾಗ ಯಾಕ ಇಳಸಲಿಲ್ಲ?"

ದೊಡ್ಡವ್ವ ನನ್ನನ್ನು ಪೆದ್ದಿಯ ಹಾಗೆ ನೋಡಿದಳು. "ನಿಂದು ನಮ್ಮ ಮನಿ ಕಣ್ಣು. ನಿನಗ್ಯಾಕ ತಟ್ಟು ಇಳಸ್ಲಿ?"

ಅಳತೆ ಮಾಡುವವರು ಅಳೆಯುವ ವಸ್ತುವನ್ನೇ ಬದಲಿಸಿಬಿಡಬಹುದೆಂದು ನಾನು ಓದಿದ್ದೆ. ಅಲ್ಲಿ ಅದು ಒಂದು ತೊಡಕು, ನಿವಾರಿಸಬೇಕಾದ ದೋಷ. ಅದು ಪ್ರೀತಿಯೂ ಆಗಿರಬಹುದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ನಾನು ಬಂದೆನೆಂದೇ ಅವಳು ತಟ್ಟು ಎತ್ತಿದ್ದು, ಅವಳು ತಟ್ಟು ಎತ್ತಿದ್ದರಿಂದಲೇ ನನಗೆ ಏನೂ ಕಾಣದೆ ಹೋದದ್ದು. ಹೆಂಚಿನ ಕಾಲದಲ್ಲಿ ಈ ತಟ್ಟಿನಿಂದ ತೊಂದರೆಯಿರಲಿಲ್ಲ. ಸಂದುಗಳಲ್ಲಿ ಗಾಳಿ ಆಡುತ್ತಿತ್ತು. ಸ್ಲ್ಯಾಬಿನಲ್ಲಿ ಸಂದಿಲ್ಲ. ಹೊರಗಿನ ಗಾಳಿ ಒಳಗೆ ಬರದಿದ್ದರೆ ಒಳಗಿನ ಹೊಗೆ ಹೊರಗೆ ಹೋಗುವುದಿಲ್ಲ, ಕೊಳವೆ ಆಕಾಶ ಮುಟ್ಟಿದರೂ.

ಜ್ವರದಲ್ಲೇ ಕೂತು ಮಣ್ಣಿನ ಮನೆಯ ಒಳಬಾಗಿಲಿಗೆ ರಟ್ಟು ಅಂಟಿಸಿ, ಹಿತ್ತಲ ಬಾಗಿಲಿಗೆ ಗೋಣಿಯ ಚೂರು ಇಳಿಬಿಟ್ಟೆ. ಊದಿನಕಡ್ಡಿಯ ಹೊಗೆ ಎದ್ದು ಚಾವಣಿಗೆ ಬಡಿದು, ಹರಡಿ, ಕೆಳಗಿಳಿಯಿತು. ಗಾಜು ಬೂದಾಯಿತು. ನನ್ನ ಗೊಂಬೆ ಮನೆ ಮೊದಲ ಸಲ ದೊಡ್ಡವ್ವನ ಅಡುಗೆಮನೆಯಾಯಿತು. ಗೋಡೆ, ಬಾಗಿಲು ಎಲ್ಲ ಅಳೆದು ಮಾಡಿದವಳು ಮತ್ತೊಮ್ಮೆ ಡುಬ್ಬ ಬಿಟ್ಟಿದ್ದೆ. ಆಮೇಲೆ ದಬ್ಬಣ ತೆಗೆದುಕೊಂಡು, ಒಲೆಯ ಪಕ್ಕದ ಗೋಡೆಯಲ್ಲಿ, ನೆಲಕ್ಕೆ ಸಮೀಪ, ಒಂದು ತೂತು ಚುಚ್ಚಿದೆ. ತಟ್ಟು ಇಳಿದೇ ಇತ್ತು. ಹೊಗೆ ಒಲೆಯ ಹತ್ತಿರ ಸೇರಿಕೊಂಡು ದೇಟು ಹಿಡಿದು ಹೊರಟಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ದೊಡ್ಡವ್ವ ಮುಗಿಸಲು ಬಿಡಲಿಲ್ಲ.

"ತೂತಿನ್ಯಾಗ ಇಲಿ ಬರ್ತಾವು."

"ಜಾಳಿಗಿ ಹಾಕ್ಸೂಣು."

"ಯಾರರ ಬಗ್ಗಿ ನೋಡಿದ್ರ?"

ತಟ್ಟು ತೆಗೆದುಬಿಡು ಎಂದು ಹೇಳಬಹುದಿತ್ತು. ದೃಷ್ಟಿ ಬಿದ್ದು ರೊಟ್ಟಿ ಕೂರುವುದಿಲ್ಲವೆಂದು ನನಗೆ ಗೊತ್ತು. ಆದರೆ ನಾನು ಬಂದದ್ದು ಅವಳ ಒಲೆ ಉಳಿಸಲು, ಅವಳನ್ನು ತಿದ್ದಲು ಅಲ್ಲ. ಎರಡು ದಿನ ಯೋಚಿಸಿ, ನೀರಿನ ನಳಕ್ಕೆ ಹಾಕುವಂಥ ಬಾಗಿದ ಪೈಪೊಂದನ್ನು ತಂದು ಅವಳ ಕೈಗೆ ಕೊಟ್ಟೆ. "ಇದರಾಗ ನೋಡು." ನೋಡಿದಳು. "ಏನು ಕಾಣಸ್ತೈತಿ?" "ಪೈಪಿನ ಗ್ವಾಡಿ." "ಈಗ ಊದು." ಊದಿದಳು, ಆಚೆ ತುದಿಯಲ್ಲಿಟ್ಟಿದ್ದ ರೇಣವ್ವನ ಅಂಗೈಗೆ ಗಾಳಿ ತಾಗಿತು. ತಿರುವಿನಲ್ಲಿ ಗಾಳಿ ಬರುತ್ತದೆ, ಕಣ್ಣು ಬರುವುದಿಲ್ಲ. ದೊಡ್ಡವ್ವ ಮತ್ತೊಮ್ಮೆ ಊದಿ ನೋಡಿ, "ಗೌಂಡಿಗೆ ಹೇಳಿ ಕಳಸು" ಎಂದಳು.

ಇಮಾಮಸಾಬರು ಮಣ್ಣಿನ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತೂತಿಗೆ ಬೆರಳಿಟ್ಟು ತೆಗೆದು, ಹೊಗೆ ನಿಂತು ಹೊರಡುವುದನ್ನು ಚಿಕ್ಕ ಹುಡುಗರ ಹಾಗೆ ಎಷ್ಟೋ ಹೊತ್ತು ನೋಡಿದರು. "ಕೊಳವಿ ಏರಿಸಿದ್ದು ದಂಡಾತಲ್ಲರಿ" ಎಂದರು. ದಂಡವಾಗಲಿಲ್ಲ, ಈಗ ಅದೇ ಎಳೆಯುತ್ತದೆ ಎಂದೆ. ಸಮಾಧಾನವಾಗಿ ಗೋಡೆ ಒಡೆದರು.

ಪೈಪು ಕೂತ ಮೊದಲ ಬೆಳಗ್ಗೆಯೇ ದೊಡ್ಡವ್ವ, "ಭಾಳ ಕಮ್ಮಿ ಆತವಾ" ಎಂದಳು. ನನಗೆ ಸಂತೋಷವಾಗಬೇಕಿತ್ತು. ಬದಲಿಗೆ ಅನುಮಾನ ಬಂತು. ನನಗಾಗಿ ತಟ್ಟು ಎತ್ತಿದವಳು ನನಗಾಗಿ ಹೊಗೆಯನ್ನೂ ಕಡಿಮೆ ಮಾಡಿ ಹೇಳಬಲ್ಲಳು. ದಸರಾಕ್ಕೆ ಬಸವರಾಜಣ್ಣನ ಮುಂದೆ ನಿಲ್ಲಬೇಕಾದದ್ದು ಅವಳ ಪ್ರೀತಿಯಲ್ಲ. ಹಾಗಾಗಿ ರೇಣವ್ವನನ್ನು ಕರೆದು ಒಂದು ಕೆಲಸ ಒಪ್ಪಿಸಿದೆ. ಪ್ರತಿದಿನ ಬೆಳಗ್ಗೆ ಬರುವಾಗ ಹೊರಗಿನಿಂದ ಪೈಪಿಗೆ ಅರಿವೆ ತುರುಕಬೇಕು, ಇಲ್ಲವೇ ತೆರೆದು ಬಿಡಬೇಕು. ಯಾವ ದಿನ ಯಾವುದೆಂದು ಅವಳ ಮನಸ್ಸಿಗೆ ಬಂದಂತೆ, ಕೊನೆಗೆ ಎರಡರ ದಿನಗಳೂ ಸಮನಾಗಿದ್ದರೆ ಸಾಕು. ನನಗೂ ಹೇಳಬಾರದು, ದೊಡ್ಡವ್ವನಿಗೂ ಹೇಳಬಾರದು. ಪೈಪಿನ ಹತ್ತಿರ ಯಾರೂ ಕೈಯಿಟ್ಟು ನೋಡಬಾರದು. ತಟ್ಟು ಎಂದಿನಂತೆ ಇಳಿದಿರಬೇಕು, ರೊಟ್ಟಿ ಮುಗಿಯುವ ತನಕ ನಾನು ಒಳಗೆ ಕೂರುವುದಿಲ್ಲ. ತೆರೆದ ದಿನ ದೊಡ್ಡವ್ವನ ಬೆನ್ನ ಹಿಂದೆ, ಚಾವಣಿಯ ಕೆಳಗಿನ ಮೊಳೆಗೆ ಒಂದು ಬಿಳಿ ಪಂಚೆಯ ತುಂಡು, ಮುಚ್ಚಿದ ದಿನ ಅದೇ ಪಂಚೆಯ ಇನ್ನೊಂದು ತುಂಡು. ತೂಗುಹಾಕುವುದು, ಬಿಚ್ಚಿ ತನ್ನ ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲ ರೇಣವ್ವನದೇ.

ಗುಟ್ಟು ಕೈಗೆ ಸಿಕ್ಕ ಮೇಲೆ ರೇಣವ್ವನನ್ನು ಹಿಡಿಯುವವರೇ ಇರಲಿಲ್ಲ. "ಹೇಳಬೇ ರೇಣಿ, ಇವತ್ತು ಮುಚ್ಚೀಯಿಲ್ಲ?" ಎಂದು ದೊಡ್ಡವ್ವ ಕೇಳಿದರೆ, "ನನಗೇನು ಗೊತ್ತಬೇ, ನಾ ಸಾಲಿ ಕಲತಾಕೇನು?" ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುವಳು. ರೊಟ್ಟಿ ಮುಗಿದ ಮೇಲೆ ದೊಡ್ಡವ್ವ ತೆರೆದಿತ್ತೋ ಮುಚ್ಚಿತ್ತೋ ಎಂದು ತನ್ನ ತೀರ್ಪು ಹೇಳುವಳು. ರೇಣವ್ವ ಮುಖದಲ್ಲಿ ಏನನ್ನೂ ತೋರಿಸದೆ ಕೈ ತೊಳೆಯುವಳು. ಕೊನೆಗೆ ಲೆಕ್ಕ ಬಿಚ್ಚಿದಾಗ ದೊಡ್ಡವ್ವ ಒಂದೇ ಒಂದು ದಿನ ತಪ್ಪಿದ್ದಳು. ಅಂದು ಪೈಪು ತೆರೆದಿತ್ತು, ಕಟ್ಟಿಗೆ ಹಸಿಯಿತ್ತು.

ದಸರಾದ ಮುಂಚಿನ ದಿನ ಎರಡೂ ಪಂಚೆಯ ತುಂಡುಗಳನ್ನು ಬಸವರಾಜಣ್ಣನ ಮುಂದೆ ಹಾಸಿದೆ. ಒಂದು ಹಾಲು ಚೆಲ್ಲಿ ಒಣಗಿದ ಬಣ್ಣ, ಇನ್ನೊಂದು ಹಂಚಿನ ತಳದ ಬಣ್ಣ. ಅವನು ಗೋವಿನಜೋಳ ನೋಡುವ ಹಾಗೆ ಎರಡನ್ನೂ ಬೆರಳ ನಡುವೆ ತಿಕ್ಕಿದ. ಅವನದೂ ಒಂದು ರೀತಿ. ಒಂದು ಹಿಡಿ ಕಾಳು ನೋಡಿ ಇಡೀ ಲಾರಿಗೆ ಬೆಲೆ ಕಟ್ಟುವವನು.

"ಎರಡೂ ಒಂದ ಮೊಳಿಗೆ ಕಟ್ಟಿದ್ರಿ?"

"ಒಂದ."

"ದಿನಾ ಸಮಾ ಇದ್ದೂವು?"

"ಸಮಾ."

"ಕಟ್ಟಿದಾಕಿ ಯಾರು?"

"ನಾ," ಎಂದಳು ರೇಣವ್ವ. "ನಿಮ್ಮವ್ವಗೂ ಹೇಳಿಲ್ಲ, ಈ ಶಾಣ್ಯಾಕಿಗೂ ಹೇಳಿಲ್ಲ. ಬಾಯಿ ಕಟ್ಟಿ ಕಟ್ಟಿ ನನಗ ಹೊಟ್ಟಿ ಉಬ್ಬೇತಿ."

ಅಣ್ಣ ನಗಲಿಲ್ಲ. ಕಪ್ಪು ತುಂಡನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ. ಇಷ್ಟು ದಿನ ಅದು ಅವ್ವನ ಎದೆಯೊಳಗೆ ಹೋಗಿತ್ತೆಂದು ಅವನು ಯೋಚಿಸುತ್ತಿದ್ದನೆಂದು ನನಗನಿಸುತ್ತದೆ, ನಾನು ಕೇಳಲಿಲ್ಲ. ಮರುದಿನ ಬನ್ನಿ ಕೊಟ್ಟು ಅವ್ವನ ಕಾಲಿಗೆ ನಮಸ್ಕರಿಸುವಾಗ, "ಒಲಿ ಇರ್ಲಿ. ಆದ್ರ ಕಣ್ಣಿನ ಔಷಧ ನನ್ನ ಮುಂದ ಹಾಕ್ಕೋಬೇಕು" ಎಂದ. ದೊಡ್ಡವ್ವ ಬನ್ನಿ ಎಲೆಯನ್ನು ಮಗನ ತಲೆಯ ಮೇಲಿಟ್ಟು, "ಹಾಕ್ಕೋತೇನಿ ಸಾವಕಾರ್ರ" ಎಂದಳು.

ಕಣ್ಣು ಪೂರ್ತಿ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಕೆಂಪು ಇಳಿಯಿತು, ನೀರು ನಿಂತಿತು. ಸೂಜಿಗೆ ದಾರ ಪೋಣಿಸಲು ಈಗಲೂ ರೇಣವ್ವ ಬೇಕು. ಖಾನಾವಳಿಯ ಹಳೆಯ ಗಿರಾಕಿಯೊಬ್ಬರು, ಈಚೆಗೆ ರೊಟ್ಟಿಗೆ ಮೊದಲಿನ ವಾಸನೆಯಿಲ್ಲವೆಂದು ತಕರಾರು ತೆಗೆದರಂತೆ. "ಆ ವಾಸನಿ ನನ್ನ ಕಣ್ಣೀರಿಂದರಿ, ಮಾರಾಟ ನಿಲ್ಲಿಸೇನಿ" ಎಂದು ಹೇಳಿ ಕಳಿಸಿದಳಂತೆ ದೊಡ್ಡವ್ವ.

ಇದೆಲ್ಲ ನೆನಪಾಗುವಷ್ಟು ಹೊತ್ತು ಪರದೆಯ ಮೇಲಿನ ಪ್ರಶ್ನೆ ಹಾಗೆಯೇ ನಿಂತಿತ್ತು. ಹಸಿರು ಗೆರೆ ಕೆಂಪು ಚುಕ್ಕೆಗಳ ಮೇಲೆ ನೀಟಾಗಿ ಕೂತಿತ್ತು. ಕೊಳವೆಯನ್ನು ಇನ್ನೆರಡು ಅಡಿ ಏರಿಸಿದ ಹಾಗೆ. ಆ ಕೆರೆಯ ಊರಿಗೆ ನಾನು ಹೋದದ್ದು ವಿಶ್ವವಿದ್ಯಾಲಯದ ಜೀಪಿನಲ್ಲಿ, ಮೊದಲೇ ತಿಳಿಸಿ. ಪಂಚಾಯಿತಿಯವರು ಚಹಾ ಕೊಟ್ಟಿದ್ದರು, ದಂಡೆಯ ಮುಳ್ಳುಕಂಟಿ ಸವರಿಸಿದ್ದರು, ತೂಬು ಭದ್ರವಾಗಿ ಮುಚ್ಚಿತ್ತು. ದೀಪಾವಳಿಯ ನಂತರ, ಯಾರೂ ನೋಡಲು ಬಾರದ ದಿನಗಳಲ್ಲಿ, ಅಲ್ಲಿ ಏನು ನಡೆಯುತ್ತದೆಂದು ನನಗೆ ಗೊತ್ತಿಲ್ಲ. ಬಹುಶಃ ಎಲ್ಲರೂ ಮಾಡುವಂಥದ್ದೇ, ಹೇಳುವ ಮಾತೆಂದು ಯಾರಿಗೂ ಅನ್ನಿಸದಂಥದ್ದು.

ದೊಡ್ಡವ್ವನಿಗೆ ಫೋನು ಮಾಡಿದೆ. ರೊಟ್ಟಿಯ ಹೊತ್ತು, ಹಿಂದಿನಿಂದ ರೇಣವ್ವ ಬಡಿಯುವ ಸದ್ದು ಕೇಳುತ್ತಿತ್ತು. ಕೆಮ್ಮು ಕೇಳಲಿಲ್ಲ.

"ಹಾನಗಲ್ ಕಡಿ ಒಂದು ಕೆರಿ ನೋಡಾಕ ಹೊಂಟೇನಿ ದೊಡ್ಡವ್ವಾ. ಈ ಸಲ ಜೀಪ್ ಬ್ಯಾಡ ಅನ್ನಸ್ತೈತಿ. ಅಲ್ಲೇ ಯಾರದರ ಮನ್ಯಾಗ ಖೋಲಿ ಹಿಡಿದು ಇರ್ತೇನಿ, ಸುಗ್ಗಿತನಕ."

"ಇರು," ಎಂದಳು. ಹಂಚಿನ ಮೇಲೆ ಏನೋ ಮಗುಚಿದ ಸದ್ದು. "ಆದ್ರ ಅಲ್ಲೆ ನೀ ಯಾರ ಮನಿ ಕಣ್ಣೂ ಅಲ್ಲ. ತಟ್ಟು ಇಳಿಸೇ ಇರತಾರ. ಅವಸರ ಮಾಡಬ್ಯಾಡ, ಸುಮ್ಮ ಕುಂದ್ರು. ನಿಮ್ಮವ್ವಗ ನಾ ಹೇಳ್ತೇನಿ."

ಬೇಡ ಎಂಬ ಗುಂಡಿ ಒತ್ತಿದೆ. ಗೆರೆ ಮತ್ತೆ ತನ್ನ ಹಳೆಯ ಜಾಗಕ್ಕೆ ಹೋಯಿತು, ಚುಕ್ಕೆಗಳು ಅದರಿಂದ ದೂರ ಕೆಳಗೆ ಉಳಿದವು. ಮಳೆ ನಿಂತಿತ್ತು. ಮಣ್ಣಿನ ಮನೆಯನ್ನು ಅರಿವೆಯಲ್ಲಿ ಸುತ್ತಿ, ಬಟ್ಟೆಗಳ ನಡುವೆ ಚೀಲದಲ್ಲಿಟ್ಟುಕೊಂಡು ಹಾನಗಲ್ ಬಸ್ಸಿಗೆ ಹೊರಟೆ.